ತೊಳೆದಿಟ್ಟ ಎರಡು ಸೀಸೆ

ಐದು ಗಂಟೆಗೆ ಎದ್ದೆ. ಬಚ್ಚಲ ಮುಂದಿನ ಸಾಲಿನಲ್ಲಿ ನಿಂತು ಸ್ನಾನ. ಸೀಮೆಎಣ್ಣೆ ಸ್ಟವ್ವಿಗೆ ಪಿನ್ನು ಹಾಕಿ ಹೊತ್ತಿಸಿ ಕಾಫಿ. ಅತ್ತೆಗೆ ಮುಖ ಒರೆಸಿ, ವಿಭೂತಿ ಹಚ್ಚಿ, ತಲೆ ಬಾಚಿದ್ದು. ಅತ್ತೆಯ ಸೀರೆ ಎರಡು, ನನ್ನದೊಂದು ಒಗೆದು ಹಿಂದಿನ ಕಂಬಿಯ ಮೇಲೆ ಹರವಿದ್ದು. ಹೆಸರುಬೇಳೆ ಆರಿಸಿ ನೆನೆಹಾಕಿದ್ದು. ಪಕ್ಕದ ಮಂಚದ ಅಜ್ಜಿಗೆ ಎಲೆಅಡಿಕೆ ಕುಟ್ಟಿ ಕೊಟ್ಟದ್ದು. ಕಿಟಕಿಯಲ್ಲಿದ್ದ ಎರಡು ಸೀಸೆ ತೊಳೆದು ಬೋರಲು ಹಾಕಿದ್ದು.

ಇದು ಆ ದಿನದ ನನ್ನ ಡೈರಿಯ ಪುಟ. ಮಧುಗಿರಿಯ ನಮ್ಮ ಎಣ್ಣೆ ಅಂಗಡಿಗೆ ವರ್ಷಕ್ಕೊಂದು ಡೈರಿ ಯಾರಾದರೂ ತಂದುಕೊಡುತ್ತಿದ್ದರು. ಮನೆಯ ಗಂಡಸರು ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಉಳಿದ ಪುಟಗಳು ನನಗೆ. ಏನು ಕೆಲಸ ಮಾಡಿದೆ, ಏನು ಉಂಡೆವು, ಯಾರು ಬಂದು ಹೋದರು, ಇಷ್ಟೇ ಬರೆಯುತ್ತಿದ್ದೆ. ಎಂಬತ್ತರ ದಶಕದ ಕೊನೆಯ ಆ ಡೈರಿ ತೆಗೆದರೆ ಸೀಸೆ ತೊಳೆದ ಸಾಲು ಉಳಿದ ಸಾಲುಗಳ ಪಕ್ಕದಲ್ಲಿ ಏನೂ ಅರಿಯದವರ ಹಾಗೆ ಕೂತಿದೆ. ಆ ಸೀಸೆಗಳಲ್ಲಿದ್ದದ್ದು ಇಬ್ಬರು ಮುದುಕಿಯರ ಮಂಡಿಯಿಂದ ಇಡೀ ರಾತ್ರಿ ಇಳಿದ ರಕ್ತ, ಅದನ್ನು ಅಳೆದು ನೋಡಲೆಂದೇ ಒಬ್ಬ ಡಾಕ್ಟರು ಜೋಪಾನವಾಗಿ ಎತ್ತಿಡಿಸಿದ್ದರು ಎಂಬುದನ್ನು ನಾನು ಬರೆದಿಲ್ಲ. ಬರೆಯುವ ಧೈರ್ಯ ಆ ದಿನ ಇರಲಿಲ್ಲ.

ಮೊದಲಿನಿಂದ ಹೇಳಬೇಕು.

ನಮ್ಮತ್ತೆಗೆ ಎಡಗಾಲಿನ ಮಂಡಿ ಹೋಗಿ ಆರೇಳು ವರ್ಷವಾಗಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಅಂಗಡಿಗೂ ಮನೆಗೂ ನಡುವೆ ಇದ್ದ ಒಂದೇ ಒಂದು ಮೆಟ್ಟಿಲು ಅವರಿಗೆ ಮಧುಗಿರಿಯ ಬೆಟ್ಟದಷ್ಟಾಗಿತ್ತು. ನೋವು ಸಹಿಸುತ್ತಿದ್ದರು. ಸಹಿಸದೆ ಹೋದದ್ದು ಒಂದೇ, ಬೆಳಗಿನ ಲಿಂಗಪೂಜೆಗೆ ನೆಲದ ಮೇಲೆ ಕಾಲು ಮಡಿಸಿ ಕೂರಲಾಗದ್ದು. ಗೋಡೆಗೆ ಒರಗಿ, ಕಾಲು ಮುಂದಕ್ಕೆ ಚಾಚಿ, ದೇವರಿಗೇ ಕಾಲು ತೋರಿಸಿದ ಹಾಗಾಗುತ್ತದೆಂದು ಒಂದು ಟವೆಲ್ಲು ಮುಚ್ಚಿಕೊಂಡು ಪೂಜೆ ಮಾಡುತ್ತಿದ್ದರು. ಹಾಗಾಗಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಟ್ಟ ಮಂಡಿ ತೆಗೆದು ಲೋಹದ ಮಂಡಿ ಕೂರಿಸುತ್ತಾರಂತೆ ಎಂದು ಯಾರೋ ಹೇಳಿದಾಗ, ನಾವೆಲ್ಲ ಹೆದರಿದರೂ ಅತ್ತೆ ಹೆದರಲಿಲ್ಲ.

ಡಾಕ್ಟರು ಒಳ್ಳೆಯವರು, ಇನ್ನೂ ಚಿಕ್ಕ ವಯಸ್ಸು. ಎಲ್ಲ ವಿವರಿಸಿದ ಮೇಲೆ ಕೊನೆಗೆ, "ರಕ್ತ ಸ್ವಲ್ಪ ಹೋಗುತ್ತಮ್ಮ. ಒಂದು ಬಾಟಲಿ ರೆಡಿ ಇಟ್ಕೊಂಡಿರ್ತೀವಿ, ಬೇಕಾದ್ರೆ ಹಾಕ್ತೀವಿ" ಎಂದರು.

"ಯಾರ್ದು?" ಎಂದರು ಅತ್ತೆ.

"ಹೊಂದಿಕೆ ಆಗೋದು ಯಾರದಾದ್ರೂ."

"ಹಂಗಾದ್ರೆ ಬ್ಯಾಡ ಬುಡಿ."

ನಮ್ಮತ್ತೆ ಇನ್ನೊಬ್ಬರ ಮನೆಯಲ್ಲಿ ಉಂಡವರಲ್ಲ. ಕೊರಟಗೆರೆಯಲ್ಲಿರುವ ಸ್ವಂತ ಮಗಳ ಮನೆಗೆ ಹೋದರೂ ಕುಡಿಯುವ ನೀರಿನ ಚೊಂಬು ಜೊತೆಯಲ್ಲಿ ಹೋಗುತ್ತಿತ್ತು. ಕೊರಳಲ್ಲಿ ಲಿಂಗವಿದೆ, ಮೈಯಲ್ಲಿ ಯಾರದೋ ರಕ್ತ ಇಟ್ಟುಕೊಂಡು ಅದನ್ನು ಮುಟ್ಟಿ ಪೂಜೆ ಮಾಡುವುದಿಲ್ಲ, ರಕ್ತ ಹಾಕಿದ ದಿನವೇ ಲಿಂಗವನ್ನು ಬಿಚ್ಚಿ ದೇವರ ಗೂಡಿನಲ್ಲಿಡುತ್ತೇನೆ, ಇದು ಅವರ ತೀರ್ಮಾನ. ನನ್ನ ಗಂಡ ಮಠದ ಸ್ವಾಮಿಗಳ ಹತ್ತಿರ ಹೋಗಿ ಕೇಳಿಕೊಂಡೂ ಬಂದರು. ಏನೂ ದೋಷವಿಲ್ಲ, ಹಾಕಿಸಿ ಎಂದರಂತೆ. "ಸ್ವಾಮಿಗಳಿಗೇನು, ಅವ್ರು ದೊಡ್ಡೋರು. ನಾವು ನಿಯಮದಲ್ಲಿರ್ಬೇಕು" ಎಂದರು ಅತ್ತೆ. ಸ್ವಾಮಿಗಳಿಗಿಂತ ಒಂದು ಗೇಣು ಮೇಲಿತ್ತು ಅವರ ನಿಯಮ. ಪೂಜೆಗೆಂದು ಮಂಡಿ ಬೇಕು, ಮಂಡಿಗೆಂದು ರಕ್ತ ಬೇಕು, ರಕ್ತ ಬಂದರೆ ಪೂಜೆ ಇಲ್ಲ. ನಾವು ಮೂರು ದಿನ ಈ ಗಾಣದ ಸುತ್ತ ತಿರುಗಿದೆವು.

ರಕ್ತ ಹೋಗದ ಹಾಗೆ ಮಾಡಲು ಏನಾದರೂ ಉಂಟೇ ಎಂಬ ಪ್ರಶ್ನೆ ಎದ್ದದ್ದೇ ತಡ, ಮನೆಯವರೆಲ್ಲ ವೈದ್ಯರಾದರು. ಎಣ್ಣೆ ಡಬ್ಬದ ತಗಡು ದಿನಾ ಒಬ್ಬರ ಕೈ ಕುಯ್ಯುವ ಮನೆ ನಮ್ಮದು. ಒಬ್ಬೊಬ್ಬರಿಗೂ ಒಂದೊಂದು ಔಷಧದ ಮೇಲೆ ನಂಬಿಕೆ. ನನ್ನ ಗಂಡನದು ಕಾಫಿಪುಡಿ. ಶಿರಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮೈದುನನದು ಕ್ಷೌರದಂಗಡಿಯಲ್ಲಿ ಗಾಯಕ್ಕೆ ಒತ್ತುವ ಪಟಕದ ಕಲ್ಲು. "ಪಟಕ ಒತ್ತಿದ್ರೆ ಬಿಲ್ಕುಲ್ ಬಂದ್. ನಮ್ಮ ಹಕೀಮ್ ಸಾಬ್ರೂ ಅದನ್ನೇ ಹೇಳೋದು" ಎಂದ. ನಾದಿನಿ ಚನ್ನರಾಯನದುರ್ಗದ ಬೆಟ್ಟದ ಬುಡದಿಂದ ಗಾಯಕ್ಕೆ ಹಿಂಡುವ ಸೊಪ್ಪನ್ನು ಒಂದು ಚೀಲ ತರಿಸಿ, ಬಸ್ಸಿನವರ ಕೈಲಿ ಕಳಿಸಿಬಿಟ್ಟಳು. ಕಾಫಿಪುಡಿಗೆ ಎಷ್ಟು ನಿಮಿಷ, ಪಟಕಕ್ಕೆ ಎಷ್ಟು, ಸೊಪ್ಪಿಗೆ ಎಷ್ಟು ಎಂದು ಅಣ್ಣತಮ್ಮಂದಿರು ಕೂತು ವಾದ ಮಾಡಿದರು. ಡಾಕ್ಟರು ಮಂಡಿ ಬಿಚ್ಚಿ, ಪಕ್ಕಕ್ಕೆ ತಿರುಗಿ, ಎಲ್ಲಿ ಕಾಫಿಪುಡಿ ಎಂದು ಕೈಚಾಚುತ್ತಾರೆ ಎಂಬ ಹಾಗೆ.

ಡಾಕ್ಟರು ನಗಲಿಲ್ಲ. ರಕ್ತ ಹೋಗುವುದನ್ನು ಕಡಿಮೆ ಮಾಡುವ ಇಂಜೆಕ್ಷನ್ ಎರಡಿವೆ ಎಂದರು. ಒಂದು ಹಾವಿನ ವಿಷದಿಂದ ತೆಗೆದದ್ದು, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ಇನ್ನೊಂದು ಕಾರ್ಖಾನೆಯಲ್ಲಿ ತಯಾರಾದದ್ದು, ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ಕಾಯುತ್ತದೆ. ನನಗೆ ಅರ್ಥವಾದದ್ದು ಇಷ್ಟು: ಒಂದು ಹಾಲಿಗೆ ಹೆಪ್ಪು ಹಾಕುವವಳು, ಇನ್ನೊಂದು ಮೊಸರು ನೀರೊಡೆಯದ ಹಾಗೆ ನೋಡಿಕೊಳ್ಳುವವಳು.

"ಎರಡರಲ್ಲಿ ಯಾವುದು ಒಳ್ಳೇದು ಸ್ವಾಮಿ?" ಎಂದೆ.

"ಅದನ್ನೇ ನಾನೂ ನೋಡ್ತಾ ಇದೀನಮ್ಮ" ಎಂದರು. "ಒಬ್ಬರಿಗೆ ಇದು, ಮುಂದಿನವರಿಗೆ ಅದು. ಮಾರನೇ ದಿನ ಯಾರಿಗೆಷ್ಟು ಹೋಯ್ತು ಅಂತ ನಾನೇ ಅಳೆದು ನೋಟ್ ಪುಸ್ತಕದಲ್ಲಿ ಬರ್ಕೋತೀನಿ."

ಅತ್ತೆ ಅಷ್ಟರಲ್ಲಿ ಆರಿಸಿಯಾಗಿತ್ತು. "ನನಗೆ ಹಾವಿಂದೇ ಹಾಕ್ಬುಡಿ. ವರ್ಷಾ ವರ್ಷಾ ಹುತ್ತಕ್ಕೆ ಹಾಲೆರ್ದಿದೀನಿ. ನಾಗಪ್ಪ ನನ್ನ ಕೈ ಬುಡಲ್ಲ."

"ಬೇರೆಯವರ ರಕ್ತ ಬೇಡ ಅಂದ್ರಲ್ಲ, ಆಗ್ಲಮ್ಮ, ನಿಮ್ಮದು ತೀರಾ ಕಮ್ಮಿ ಆದ್ರೆ ಮಾತ್ರ ಹಾಕ್ತೀನಿ. ಆದ್ರೆ ಇಂಜೆಕ್ಷನ್ನು ಯಾವುದು ಅಂತ ನಾನು ಆರಿಸಲ್ಲ, ನೀವೂ ಆರಿಸೋ ಹಾಗಿಲ್ಲ. ಸರದಿ ಪ್ರಕಾರ ಬರುತ್ತೆ."

ಸರದಿ ಬಂತು. ಅದೇ ದಿನ ಇನ್ನೊಬ್ಬರಿಗೂ ಮಂಡಿಯ ಆಪರೇಷನ್ ಇತ್ತು. ಪಾವಗಡದ ಕಡೆಯ ಕುರಿಯವರ ಮನೆಯ ಅಜ್ಜಿ, ನಮ್ಮತ್ತೆಯ ವಯಸ್ಸೇ. ಜೊತೆಯಲ್ಲಿ ಆರಡಿಯ ಮಗ. ಅವರನ್ನು ಮೊದಲು ಒಳಗೆ ಕರೆದರು. ಹಾವಿನ ವಿಷ ಅವರ ಪಾಲಿಗೆ ಹೋಯಿತು, ನಮ್ಮತ್ತೆಗೆ ಕಾರ್ಖಾನೆಯದು ಉಳಿಯಿತು. ಆಪರೇಷನ್ ಆಗಿ ಸಂಜೆ ಇಬ್ಬರಿಗೂ ಎಚ್ಚರವಾಗುತ್ತಿದ್ದಂತೆ ಮೊದಲು ಕೇಳಿದ ಮಾತು ಮಂಡಿಯದಲ್ಲ.

"ಹಾವು ಅವಳಿಗೆ ಹೋಯ್ತೇನೇ?" ಎಂದರು ಅತ್ತೆ, ನಾಲಿಗೆ ಇನ್ನೂ ತೊದಲುತ್ತಿತ್ತು.

ಆ ಮಂಚದಿಂದ ಅಜ್ಜಿ, "ಅಯ್ಯೋ ದ್ಯಾವುಡಾ! ಹಾವಿನ ಇಸ ನಂಗ್ ಚುಚ್ಚವ್ರಾ? ಹೋದ್ ವರ್ಸ ನನ್ ಟಗರು ಹೆಂಗ್ ಸತ್ತಿತ್ಲಾ? ಹಾವ್ ಕಡ್ದು! ಅದುನ್ನೇ ತಂದು ನಂಗಾಕವ್ರಲ್ಲೋ!" ಎಂದು ಮಗನನ್ನು ತರಾಟೆಗೆ ತೆಗೆದುಕೊಂಡರು. ಹಾಲೆರೆದವರಿಗೆ ಹಾವು ಸಿಗಲಿಲ್ಲ. ಟಗರು ಕಳೆದುಕೊಂಡವರನ್ನು ಹುಡುಕಿಕೊಂಡು ಬಂತು.

ರಕ್ತದ ವಿಷಯ ಹೇಳುವುದು ಮರೆತೆ. ಆಪರೇಷನ್ನಿಗೆ ಮೊದಲು ಮನೆಗೊಬ್ಬರು ರಕ್ತ ಕೊಡಬೇಕು ಎಂಬುದು ಆಸ್ಪತ್ರೆಯ ನಿಯಮ. ನನ್ನ ಗಂಡ ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ಮಧುಗಿರಿಯಲ್ಲಿಯೇ ಉಳಿದರು. ಮೈದುನ ಬಂದ. ನಾನು ಕೊಡ್ತೀನಿ ಅತ್ತಿಗೆ, ಜಲ್ದಿ ಆಗ್ಲಿ ಎಂದು ತೋಳು ಮಡಿಸಿದ. ಪಕ್ಕದವರ ತೋಳಿಗೆ ಸೂಜಿ ಇಳಿಯುವುದನ್ನು ಕಂಡು ಅಲ್ಲೇ ಬೆಂಚಿನ ಮೇಲೆ ಒರಗಿದ. ಅವನಿಗೆ ಸೋಡಾ ಕುಡಿಸಿ ಕೂರಿಸಿ, ನಾನು ಹೋಗಿ ಮಲಗಿ ಕೊಟ್ಟು ಬಂದೆ. ಪಾವಗಡದ ಅಜ್ಜಿಯ ಮಗ ಕೊಟ್ಟು ಎದ್ದು, "ಇಷ್ಟೇನಾ? ಇನ್ನೊಂದ್ ಬಾಟ್ಲಿ ತಗಳಿ ಸಾರ್" ಎಂದನಂತೆ. ಕೊನೆಗೆ ಹೊಂದಿಸಿ ನೋಡಿದ ನರ್ಸಮ್ಮ ಹೇಳಿದ್ದು: ನನ್ನ ರಕ್ತ ನಮ್ಮತ್ತೆಗೆ ಹೊಂದುವುದಿಲ್ಲ, ಆ ಅಜ್ಜಿಗೆ ಹೊಂದುತ್ತದೆ, ಅವರ ಮಗನ ರಕ್ತ ನಮ್ಮತ್ತೆಗೆ ಹೊಂದುತ್ತದೆ. ಎರಡೂ ಬಾಟಲಿ ತಣ್ಣನೆಯ ಪೆಟ್ಟಿಗೆಯಲ್ಲಿ ಕಾಯುತ್ತ ಕೂತವು.

ಈ ಸುದ್ದಿ ಅತ್ತೆಗೆ ತಿಳಿಯಬಾರದೆಂದುಕೊಂಡೆ. ಅಜ್ಜಿಯೇ ಹೇಳಿಬಿಟ್ಟರು.

"ಅಕ್ಕಯ್ಯಾ, ನನ್ ಮಗನ್ ರಗತ ನಿಮ್ಗೇ ಮಡಗವ್ರಂತೆ. ಕುರಿ ಹಾಲ್ ಕುಡುದ್ ಬೆಳ್ದಿರೋ ರಗತ. ಒಂದ್ ಬಾಟ್ಲಿ ಬಿದ್ರೆ ನೀವು ಬೆಟ್ಟ ಹತ್ಬುಡ್ತೀರಾ!"

"ನಂಗೆ ಯಾರ್ದೂ ಬ್ಯಾಡ ಕಣಮ್ಮ."

"ಯಾಕೆ? ನಮ್ದು ರಗತ, ನಿಮ್ದೇನು ಕಳ್ಳೇಕಾಯ್ ಎಣ್ಣೆನಾ?"

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಕಾಲು ತಿರುಗಿಸಲಾಗದ್ದರಿಂದ ಅಷ್ಟರಲ್ಲೇ ತೃಪ್ತಿಪಡಬೇಕಾಯಿತು.

ಇಬ್ಬರ ಮಂಡಿಯಿಂದಲೂ ಒಂದೊಂದು ಸಣ್ಣ ಕೊಳವೆ ಇಳಿದು, ಮಂಚದ ಕೆಳಗಿನ ಗಾಜಿನ ಸೀಸೆಗೆ ಸೇರಿತ್ತು. ಒಳಗೆ ಉಳಿದ ರಕ್ತ ಹೊರಗೆ ಬರಲಿ ಎಂದು. ಸೀಸೆಯ ಮೇಲೆ ಗೆರೆ ಎಳೆದ ಕಾಗದದ ಪಟ್ಟಿ, ಅದರಲ್ಲಿ ಮಂಚದ ನಂಬರು. ಮಲಗಿದ್ದಲ್ಲಿಂದ ಅವರಿಗೆ ಕಾಣುತ್ತಿರಲಿಲ್ಲವಾದ್ದರಿಂದ ಇಬ್ಬರೂ ನನ್ನನ್ನು ಬಗ್ಗಿ ನೋಡಿಸುತ್ತಿದ್ದರು. "ನಂದು ಎಷ್ಟಾಯ್ತೇ? ಅವಳದೆಷ್ಟು?" "ಅಮ್ಮಣ್ಣೀ, ನಂದೂ ನೋಡವ್ವ." ಡಾಕ್ಟರರ ನೋಟ್ ಪುಸ್ತಕಕ್ಕಿಂತ ಮೊದಲೇ ಹಾವಿಗೂ ಕಾರ್ಖಾನೆಗೂ ಪಂದ್ಯ ಶುರುವಾಗಿತ್ತು. ಹಾವು ಸೋಲಲಿ ಎಂದು ಹಾವನ್ನು ಕೇಳಿದವರೇ ಬಯಸುತ್ತಿದ್ದರು.

ಬೆಳಗ್ಗೆ ಆಯಾ ಬಂದು ಆ ಸೀಸೆಗಳನ್ನು ತೆಗೆದು, ಬೇರೆ ಖಾಲಿ ಸೀಸೆ ಜೋಡಿಸಿ, ತುಂಬಿದ್ದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು. ಡಾಕ್ಟರು ಬಂದು ತಾವೇ ಅಳೆಯಲೆಂದು ಅಲ್ಲಿಟ್ಟದ್ದು. ನನಗೆ ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

ಎಣ್ಣೆ ಅಂಗಡಿಯ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದವಳಿಗೆ ಕಿಟಕಿಯಲ್ಲಿ ಕೊಳಕು ಸೀಸೆ ಕಂಡರೆ ಕೈ ಸುಮ್ಮನಿರುವುದಿಲ್ಲ. ನಮ್ಮಲ್ಲಿ ಗಿರಾಕಿಗಳು ಸೀಸೆ ತಂದು ಎಣ್ಣೆ ಒಯ್ಯುತ್ತಿದ್ದರು. ಮರೆತು ಬಿಟ್ಟುಹೋದ ಸೀಸೆಗಳನ್ನು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಬೂದಿ, ಸೀಗೆಪುಡಿ ಹಾಕಿ ತೊಳೆದು, ಅಂಟಿಸಿದ ಕಾಗದವನ್ನೆಲ್ಲ ಕೆರೆದು ತೆಗೆದು, ಬೋರಲು ಹಾಕಬೇಕು. ತೊಳೆಯದ ಸೀಸೆ ಎದುರಿಗಿಟ್ಟುಕೊಂಡು ದೀಪ ಹಚ್ಚಬಾರದು. ಇದನ್ನು ನನಗೆ ಕಲಿಸಿದ್ದು ಇದೇ ಅತ್ತೆ, ಮದುವೆಯಾದ ಮೊದಲ ವಾರದಲ್ಲಿ. ಅಂದು ಬೆಳಗ್ಗೆ ಅವರು ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ವಿಭೂತಿ ಹಚ್ಚಿಸಿಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟುಕೊಳ್ಳಲು ಹೊರಟಿದ್ದರು. ಕಣ್ಣೆದುರಿಗೆ ಕಿಟಕಿ, ಕಿಟಕಿಯಲ್ಲಿ ಆ ಎರಡು ಸೀಸೆ. "ಥೂ, ಅದೇನೇ ಅದು ಎದುರಿಗೆ, ಎತ್ತೇ" ಎಂದರು. ಎತ್ತಿದೆ. ಎತ್ತಿದ ಮೇಲೆ ಚೆಲ್ಲಿದೆ. ಚೆಲ್ಲಿದ ಮೇಲೆ ತೊಳೆದೆ, ಸೋಪುಪುಡಿ ಹಾಕಿ, ಬಾಯಲ್ಲಿ ಬೆರಳಾಡಿಸಿ. ಪಟ್ಟಿಯನ್ನು ನೆನೆಸಿ ಉಗುರಿನಲ್ಲಿ ಕೆರೆದು ತೆಗೆದೆ. ಬಿಸಿಲಿಗೆ ಫಳಫಳ ಹೊಳೆಯುವ ಹಾಗೆ ಬೋರಲು ಹಾಕಿ ಬಂದಾಗ, ನಿಜ ಹೇಳಬೇಕೆಂದರೆ, ನನಗೇ ಹೆಮ್ಮೆಯಾಗಿತ್ತು.

ಎಂಟಕ್ಕೆ ಡಾಕ್ಟರು ಬಂದರು. ಬಗಲಲ್ಲಿ ನೋಟ್ ಪುಸ್ತಕ, ಕೈಯಲ್ಲಿ ಅಳೆಯುವ ಗಾಜಿನ ಲೋಟ. ಕಿಟಕಿಯ ಹತ್ತಿರ ಹೋದವರು ಅಲ್ಲೇ ನಿಂತರು.

"ಎಲ್ಲಿ?"

"ಇಲ್ಲೇ ಮಡಗಿದ್ನಲ್ಲ ಸಾರ್" ಎಂದಳು ಆಯಾ.

"ನಾನು ತೊಳೆದಿಟ್ಟೆ ಸ್ವಾಮಿ" ಎಂದೆ, ಇನ್ನೂ ಹೆಮ್ಮೆಯಲ್ಲೇ.

ಅವರು ನನ್ನ ಮುಖ ನೋಡಿದರು. ಬೋರಲು ಕೂತ ಸೀಸೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ಕೂತು, "ಅಮ್ಮಾ, ಎಷ್ಟು ರಕ್ತ ಹೋಗಿದೆ ಅನ್ನೋದು ಅದರಲ್ಲಿತ್ತು. ಅದು ಗೊತ್ತಿಲ್ಲದೆ ನಾನು ಕಣ್ಮುಚ್ಚಿಕೊಂಡು ಕೂರೋಕಾಗಲ್ಲ. ಅಪಾಯ ಬೇಡ ಅಂತ ಇಬ್ಬರಿಗೂ ಒಂದೊಂದು ಬಾಟಲಿ ಹಾಕಿಬಿಡಬೇಕಾಗುತ್ತೆ" ಎಂದರು.

ಅತ್ತೆಯ ಕೈ ಕೊರಳಿಗೆ ಹೋಯಿತು. ಲಿಂಗದ ದಾರವನ್ನು ಹಿಡಿದುಕೊಂಡು, "ನೀನೇ ಬಿಚ್ಚಿಡು ಬಾ, ತೊಳೆದೋಳು ನೀನೇ ತಾನೆ" ಎಂದರು. ದೊಡ್ಡ ದನಿಯಲ್ಲೇನೂ ಅಲ್ಲ, ಉಪ್ಪಿನ ಡಬ್ಬಿ ಇತ್ತ ತಾ ಎನ್ನುವ ಹಾಗೆ. ಸೀಸೆ ಎತ್ತು ಎಂದವರು ಅವರೇ ಎಂದು ಹೇಳುವ ಹೊತ್ತಲ್ಲ ಅದು.

"ಸ್ವಾಮಿ, ಎಷ್ಟಿತ್ತು ಅಂತ ನಾನು ಹೇಳಬಲ್ಲೆ" ಎಂದೆ.

"ಹೇಗೆ?"

"ಚೆಲ್ಲೋ ಮುಂಚೆ ನೋಡಿದೀನಿ."

ಅವರಿಗೆ ನಂಬಿಕೆ ಬರಲಿಲ್ಲ. ಬರಬೇಕಾದದ್ದೂ ಇಲ್ಲ. ಆದರೆ ನಾವು ಎಣ್ಣೆಯವರು. ಊರಿನ ಸೀಸೆಗಳೆಲ್ಲ ಬೇರೆ ಬೇರೆ ಆಕಾರ, ಕೆಲವು ಉದ್ದ ಕತ್ತಿನವು, ಕೆಲವು ಹೊಟ್ಟೆ ಬಿಟ್ಟವು. ಯಾವ ಸೀಸೆಯಲ್ಲಿ ಎಲ್ಲಿಗೆ ಬಂದರೆ ಎಷ್ಟು ಎಂಬುದು ಕಣ್ಣಿಗೆ ಅಂಟಿಕೊಂಡಿರುತ್ತದೆ. ಚೆಲ್ಲುವುದು ಏನೇ ಇರಲಿ, ಎಷ್ಟು ಹಾಳಾಯಿತು ಎಂದು ಒಮ್ಮೆ ನೋಡದೆ ಚೆಲ್ಲುವುದಿಲ್ಲ. ಒಂದು ಚೊಂಬು ನೀರು ತಂದೆ. ಎರಡೂ ಸೀಸೆಗಳನ್ನು ನೇರ ಮಾಡಿ ಸ್ಟೂಲಿನ ಮೇಲಿಟ್ಟೆ. ಎಡಗಡೆಯದು ಅತ್ತೆಯದು, ಬಾಯಿಯ ಹತ್ತಿರ ಸಣ್ಣ ಚಕ್ಕೆ ಎದ್ದಿತ್ತು. ಬಲಗಡೆಯದು ಅಜ್ಜಿಯದು.

ಮೊದಲು ಅತ್ತೆಯದಕ್ಕೆ ಸುರಿದೆ. ವಾರ್ಡಿನಲ್ಲಿ ನಡೆಯಬಲ್ಲವರೆಲ್ಲ ಬಂದು ನಿಂತಿದ್ದರು. ನೀರು ಏರುತ್ತಿದ್ದ ಹಾಗೆ ಅತ್ತೆ ದಿಂಬಿನ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಡಾಕ್ಟರು ಅತ್ತ ತಿರುಗಿದಾಗ ಹೆಬ್ಬೆರಳು ತೋರುಬೆರಳು ಸೇರಿಸಿ, ಇಷ್ಟೇ ಇಷ್ಟು, ಕಮ್ಮಿ ಮಾಡು ಎಂದು ಸನ್ನೆ ಮಾಡಿದರು. ನಿಯಮದವರು! ಇಪ್ಪತ್ತು ವರ್ಷದಲ್ಲಿ ಒಂದು ತೊಟ್ಟು ಕಮ್ಮಿ ಅಳೆಯಲು ಬಿಟ್ಟವರಲ್ಲ. ನಾನು ಕಂಡಷ್ಟನ್ನೇ ಸುರಿದು ನಿಲ್ಲಿಸಿದೆ. ಆಮೇಲೆ ಅಜ್ಜಿಯದು. ಅಲ್ಲಿಗೆ ಬಂತು, ನಿಲ್ಲಿಸಿದೆ, ಚೊಂಬು ಎತ್ತುವಾಗ ಕೈ ತಾನಾಗಿಯೇ ಇನ್ನೊಂದಿಷ್ಟು ಸುರಿದುಬಿಟ್ಟಿತು.

"ಇಗೋ!" ಎಂದ ಅಜ್ಜಿಯ ಮಗ. "ಅಕ್ಕೋ, ಆಮ್ಯಾಕೆ ಯಾಕ್ ಸುರುದ್ರಿ? ನಿಮ್ಮತ್ತೇದು ಕಮ್ಮಿ ಕಾಣ್ಲಿ, ನಮ್ಮವ್ವಂದು ಜಾಸ್ತಿ ಕಾಣ್ಲಿ ಅಂತನಾ?"

"ಅದು ಕೊಸರು ಕಣಪ್ಪ" ಎಂದೆ.

ಡಾಕ್ಟರಿಗೆ ಗೊತ್ತಾಗಲಿಲ್ಲ. ವಿವರಿಸಬೇಕಾಯಿತು. ಗಿರಾಕಿಗೆ ಅಳತೆ ಮುಗಿದ ಮೇಲೆ ಮೇಲೊಂದಿಷ್ಟು ಬಿಡುವುದು ಅಂಗಡಿಯ ಪದ್ಧತಿ, ಅದಕ್ಕೆ ಕೊಸರು ಎನ್ನುತ್ತಾರೆ, ಮನೆಯವರ ಸೀಸೆಗೆ ಕೊಸರಿಲ್ಲ, ಹೊರಗಿನವರಿಗೆ ಮಾತ್ರ. ಅತ್ತೆಯದು ಮನೆಯ ಸೀಸೆ. ಅಜ್ಜಿಯದು ಗಿರಾಕಿಯ ಸೀಸೆ. ಕೈಗೆ ಅಷ್ಟೇ ಗೊತ್ತು.

"ಎಷ್ಟಿರಬಹುದು ನಿಮ್ಮ ಕೊಸರು?"

"ಎರಡು ಚಮಚ ಸ್ವಾಮಿ. ಹೆಚ್ಚಿಲ್ಲ."

ಡಾಕ್ಟರು ತಲೆಗೆ ಕಟ್ಟಿದ್ದ ಆಪರೇಷನ್ ಟೋಪಿ ತೆಗೆದು ನಕ್ಕರು. ಬಹಳ ಹೊತ್ತು ನಕ್ಕರು. ಆಮೇಲೆ ಎರಡನ್ನೂ ಗಾಜಿನ ಲೋಟಕ್ಕೆ ಸುರಿದು ಅಳೆದು, ಅಜ್ಜಿಯದರಿಂದ ಎರಡು ಚಮಚ ಕಳೆದು ಬರೆದುಕೊಂಡರು. ಕಳೆದರೂ ಅಜ್ಜಿಯದು ಅತ್ತೆಯದಕ್ಕಿಂತ ಒಂದು ಕಾಫಿ ಲೋಟದಷ್ಟು ಜಾಸ್ತಿ ಇತ್ತು. "ನಿಮ್ಮ ನೀರು ನಂಬಿಕೊಂಡು ಸುಮ್ಮನಿರೋಕಾಗಲ್ಲಮ್ಮ. ಇಬ್ಬರ ರಕ್ತಾನೂ ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಮಧ್ಯಾಹ್ನ ಹೇಳ್ತೀನಿ" ಎಂದು ಹೋದರು.

ಮಧ್ಯಾಹ್ನದವರೆಗೆ ಅತ್ತೆ ಒಂದು ಮಾತೂ ಆಡಲಿಲ್ಲ. ಮಧುಗಿರಿಯಲ್ಲಾಗಿದ್ದರೆ ಇದನ್ನು ಹಬ್ಬವೆಂದುಕೊಳ್ಳುತ್ತಿದ್ದೆ. ಅಂದು ಆ ಮೌನ ನನ್ನ ಬೆನ್ನ ಮೇಲೆ ಅಕ್ಕಿಮೂಟೆಯ ಹಾಗೆ ಕೂತಿತ್ತು. ದಾರ ಹಿಡಿದ ಕೈ ಬಿಡಲಿಲ್ಲ. ಗಂಜಿ ಕೊಟ್ಟರೆ ಬೇಡವೆಂದು ತಲೆಯಾಡಿಸಿದರು. ಮೈದುನ ಬಂದು, ದಿಂಬಿನ ಕೆಳಗೆ ಕೈಹಾಕಿ ಬಟ್ಟೆಯ ಗಂಟೊಂದನ್ನು ಮುಟ್ಟಿ ನೋಡಿ, "ಪಟಕ ಇಲ್ಲೇ ಐತೆ, ಏನೂ ಆಗಲ್ಲ" ಎಂದು ಧೈರ್ಯ ಹೇಳಿ ಕ್ಯಾಂಟೀನಿಗೆ ಹೋದ. ಅದನ್ನು ಅಲ್ಲಿ ಯಾವಾಗ ಇಟ್ಟಿದ್ದನೋ. ಡಾಕ್ಟರರ ಎರಡು ಔಷಧಗಳ ಪಂದ್ಯದಲ್ಲಿ ಮೂರನೆಯದೊಂದು ದಿಂಬಿನ ಕೆಳಗಿಂದ ಓಡುತ್ತಿತ್ತು.

ಒಂದೂವರೆಗೆ ಡಾಕ್ಟರು ಚೀಟಿ ಹಿಡಿದು ಬಂದರು. ಮೊದಲು ಅಜ್ಜಿಯ ಮಂಚದ ಹತ್ತಿರ. ರಕ್ತ ಕಮ್ಮಿಯಾಗಿದೆ, ಒಂದು ಬಾಟಲಿ ಹಾಕಲೇಬೇಕು. "ಆಕಿ ಬುಡಿ" ಎಂದರು ಅಜ್ಜಿ, ಸಂತೆಯಲ್ಲಿ ಚೀಲ ಮುಂದೆ ಮಾಡಿದ ಹಾಗೆ ತೋಳು ಮುಂದೆ ಮಾಡಿ.

ಆಮೇಲೆ ನಮ್ಮ ಕಡೆ ತಿರುಗಿದರು. "ಅಮ್ಮ, ನಿಮ್ಮದು ಗಡಿಯ ಮೇಲೆ ನಿಂತಿದೆ. ಚೀಟಿ ಒಂದನ್ನೇ ನೋಡಿದ್ರೆ ಹಾಕಿದ್ರೂ ಸರಿ, ಬಿಟ್ರೂ ಸರಿ. ಆದ್ರೆ ಚೀಟಿ ಹೇಳಿದ್ದೂ ನಿಮ್ಮ ಸೊಸೆ ಸುರಿದ ನೀರು ಹೇಳಿದ್ದೂ ಒಂದೇ ಆಯ್ತು, ಯಾರಿಗೆ ಜಾಸ್ತಿ ಯಾರಿಗೆ ಕಮ್ಮಿ ಅಂತ. ಅವರ ಕಣ್ಣನ್ನ ನಂಬ್ತೀನಿ. ಇವತ್ತು ಬೇಡ. ನಾಳೆ ಇನ್ನೊಂದ್ಸಲ ನೋಡೋಣ."

ಮಾರನೆಯ ದಿನವೂ ಬೇಕಾಗಲಿಲ್ಲ, ಆಮೇಲೆಯೂ ಬೇಕಾಗಲಿಲ್ಲ. ಆ ಕ್ಷಣದಲ್ಲಿ ಅತ್ತೆ ದಾರ ಬಿಟ್ಟು ಎರಡೂ ಕೈ ಮುಗಿದದ್ದು ಡಾಕ್ಟರಿಗೋ ಲಿಂಗಕ್ಕೋ ತಿಳಿಯಲಿಲ್ಲ. ನನಗಂತೂ ಅಲ್ಲ. ನನ್ನ ಕಡೆ ನೋಡಿ, "ಕಮ್ಮಿ ಮಾಡು ಅಂದ್ರೆ ಮಾಡ್ಲಿಲ್ಲ ನೋಡು" ಎಂದರು.

ಹಾಗಾದರೆ ಕಾರ್ಖಾನೆಯದೇ ಒಳ್ಳೆಯದೋ ಎಂದು ಡಾಕ್ಟರನ್ನು ಕೇಳಿದೆ. "ಇಬ್ಬರಿಂದ ಏನೂ ಹೇಳೋಕಾಗಲ್ಲಮ್ಮ. ಅಜ್ಜಿ ಮಂಡಿ ಮೊದಲೇ ಜಾಸ್ತಿ ಕೆಟ್ಟಿತ್ತು. ಅದೂ ಅಲ್ಲದೆ ಅಳತೆ ನಿಮ್ಮದು" ಎಂದು ಪುಸ್ತಕ ತೋರಿಸಿದರು. ಇಬ್ಬರ ಸಾಲಿನ ಮುಂದೆಯೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ಪುಸ್ತಕದಲ್ಲಿ ಉಳಿದವರದೆಲ್ಲ ರಕ್ತ, ನಮ್ಮ ಇಬ್ಬರದು ಮಾತ್ರ ನಲ್ಲಿ ನೀರು. ನಾದಿನಿಗೆ ಕಾಗದ ಬರೆದಾಗ ಅವಳು ತಿರುಗಿ ಬರೆದದ್ದು, ತಾನು ಕಳಿಸಿದ ಸೊಪ್ಪಿನ ಗುಣ ಅದು ಎಂದು. ಆ ಚೀಲವನ್ನು ನಾವು ಬಿಚ್ಚಿಯೂ ಇರಲಿಲ್ಲ. ಮೈದುನ ಇವತ್ತಿಗೂ ಪಟಕ ಎನ್ನುತ್ತಾನೆ. ಪೂಜೆಯ ವಿಷಯವೂ ಆಗಲೇ ತಿಳಿದದ್ದು. ಹೊಸ ಮಂಡಿಯಲ್ಲಿ ನೆಲದ ಮೇಲೆ ಕಾಲು ಮಡಿಸಿ ಕೂರಬಾರದಂತೆ, ಕುರ್ಚಿಯ ಮೇಲೇ ಕೂರಬೇಕಂತೆ. ಅತ್ತೆ ಒಂದು ಗಳಿಗೆ ಯೋಚಿಸಿ, "ಕುರ್ಚಿ ತೊಳೆದ್ರಾಯ್ತು" ಎಂದರು.

ಮೂರು ಗಂಟೆಗೆ ಅಜ್ಜಿಯ ಮಂಚದ ಕೋಲಿಗೆ ನನ್ನ ರಕ್ತದ ಬಾಟಲಿ ನೇತುಹಾಕಿದರು. ಹನಿ ಹನಿಯಾಗಿ ಇಳಿಯುವುದನ್ನು ಅಜ್ಜಿ ಕಣ್ಣು ಮಿಟುಕಿಸದೆ ನೋಡಿದರು. "ಬೆಚ್ಚಗೈತೆ ಕಣವ್ವ" ಎಂದರು. ತಣ್ಣನೆಯ ಪೆಟ್ಟಿಗೆಯಿಂದ ತಂದದ್ದು ಬೆಚ್ಚಗೆ ಹೇಗಿರುತ್ತದೆ? "ಇನ್ಮ್ಯಾಕೆ ನೀನೂ ನನ್ ಮಗ್ಳೇ. ನಿನ್ ರಗತ ನನ್ ಮೈನಾಗೈತೆ. ದನಗಳ್ ಜಾತ್ರೆಗೆ ಬಂದಾಗ ನಿಮ್ ಮನ್ಗೇ ಬಂದ್ ಇಳ್ಕತೀನಿ. ಏನಕ್ಕಯ್ಯಾ, ಸೇರುಸ್ಕತೀರಾ?"

ಅತ್ತೆಯೂ ಆ ಬಾಟಲಿಯನ್ನೇ ನೋಡುತ್ತಿದ್ದರು. ಅರ್ಧ ಇಳಿಯುವ ಹೊತ್ತಿಗೆ ನನ್ನನ್ನು ಹತ್ತಿರ ಕರೆದು, ದನಿ ತಗ್ಗಿಸಿ, "ಅಲ್ಲ ಕಣೇ, ನನಗೆ ಅಂತ ಕೊಟ್ಟಿದ್ದಲ್ವೇ ನೀನು?" ಎಂದರು.

"ಹೌದತ್ತೆ."

"ನನಗೆ ಅಂತ ಕೊಟ್ಟಿದ್ದು ಅವಳಿಗೆ ಹೋಯ್ತಲ್ಲೇ."

"ನೀವು ಯಾರದೂ ಬೇಡ ಅಂದಿರಲ್ಲ."

"ಯಾರ್ದೂ ಬ್ಯಾಡ ಅಂದೆ. ನಿಂದು ಬ್ಯಾಡ ಅಂತ ನಿನಗೆ ಯಾರು ಹೇಳಿದ್ರು?"

ಹೊಂದುವುದಿಲ್ಲ ಎಂದು ನರ್ಸಮ್ಮ ಹೇಳಿದ್ದನ್ನು ನೆನಪಿಸಿದೆ. "ಅವ್ರ್ ಹೊಂದಲ್ಲ ಅಂದ್ಬುಟ್ರೆ ಆಯ್ತಾ, ಇಪ್ಪತ್ತು ವರ್ಷ ಹೊಂದ್ಕಂಡಿಲ್ವಾ" ಎಂದು ಮುಖ ಆ ಕಡೆ ಮಾಡಿದರು. ಹಾಗೆಂದು ಅವರು ಒಪ್ಪಿಕೊಂಡದ್ದು ಅದೇ ಮೊದಲು.

ಸಂಜೆ ಆಸ್ಪತ್ರೆಯ ಹಿಂದೆ, ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳುವ ಶೆಡ್ಡಿನಲ್ಲಿ ಸ್ಟವ್ ಹೊತ್ತಿಸಿ ಅನ್ನ, ಹೆಸರುಬೇಳೆ ತೊವ್ವೆ ಮಾಡಿದೆ. ಅತ್ತೆ ಬೆಳಗಿನಿಂದ ಏನೂ ಮುಟ್ಟದವರು ಎರಡು ಸಲ ಬಡಿಸಿಕೊಂಡರು, ಉಪ್ಪು ಕಮ್ಮಿ ಎಂದರು. ಆಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಅಜ್ಜಿಗೆ ಹಾಕು ಎಂದರು. "ರಕ್ತ ಕೊಟ್ಟಾಗಿದೆ, ತೊವ್ವೆಗೇನು." ಹಾಕಿದೆ. "ಕೊಸರು ಹಾಕೇ" ಎಂದರು. ಹಾಕಿದೆ. ಅಜ್ಜಿಯ ಮಗ ಊರಿಂದ ತಂದಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯಲ್ಲಿ ಅರ್ಧ ನನಗೆ ಕೊಟ್ಟ. ನಾನು ತಿನ್ನುವಾಗ ಅತ್ತೆ ನೋಡುತ್ತಿದ್ದರು. ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ. ಚಟ್ನಿಗೆ ಬೆಳ್ಳುಳ್ಳಿ ಹಾಕಿದ್ದಾರಾ ಎಂದು ಮಾತ್ರ ವಿಚಾರಿಸಿದರು.

ಎಂಟು ಗಂಟೆಗೆ ಎಲ್ಲರಿಗಿಂತ ಮೊದಲು ನಿದ್ದೆಹೋದದ್ದು ಅಜ್ಜಿ, ತೀರಿಹೋದ ಟಗರಿನ ಕೊಂಬು ಎಷ್ಟುದ್ದವಿತ್ತು ಎಂದು ಹೇಳುತ್ತಿದ್ದವರು ನಡುವೆಯೇ. ಗೊರಕೆ ಶುರುವಾಯಿತು. ಅತ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಬಿತ್ತು ನೋಡು ನಿನ್ನ ರಕ್ತ, ಥೇಟು ನಿನ್ನ ಹಂಗೇ" ಎಂದರು. ಆಮೇಲೆ ಅವರೂ ಮಲಗಿದರು. ನಾನು ಮಂಚಗಳ ಕೆಳಗೆ ಬಗ್ಗಿ ಎರಡೂ ಸೀಸೆ ನೋಡಿದೆ, ತಳದಲ್ಲಿ ಇಷ್ಟಿಷ್ಟೇ ಇತ್ತು. ಮುಟ್ಟಲಿಲ್ಲ.